ನಾಲ್ಕು ಬೆರಳಿನ ಗುರುತು

ನಮ್ಮೂರಿನಲ್ಲಿ ಒಬ್ಬರು ಇನ್ನೊಬ್ಬರನ್ನು ಮುಟ್ಟಿದರೆ ಮುಟ್ಟಿದವರ ಬಣ್ಣ ಮುಟ್ಟಿಸಿಕೊಂಡವರ ಮೈಮೇಲೆ ನಿಲ್ಲುತ್ತದೆ. ಕೂಡಲೇ ಕಾಣುವುದಿಲ್ಲ, ಹಂಚಿನ ಮೇಲೆ ಒಂದು ರೊಟ್ಟಿ ಬೇಯುವಷ್ಟು ಹೊತ್ತು ಬೇಕು. ಮಾರನೆಯ ದಿನ ಹೊತ್ತು ಮುಳುಗುವತನಕ ಇದ್ದು ಆಮೇಲೆ ಹೋಗುತ್ತದೆ. ಸೀಗೆಪುಡಿ ಹಾಕಿ ತಿಕ್ಕಿದರೂ ಅದಕ್ಕೆ ಮೊದಲು ಹೋಗುವುದಿಲ್ಲ. ನಡುವೆ ಬಟ್ಟೆ ಇದ್ದರೂ, ಈಗಿನ ರಬ್ಬರಿನ ಕೈಗವಸು ಇದ್ದರೂ ದಾಟಿ ಬರುತ್ತದೆ. ಒಬ್ಬೊಬ್ಬರದು ಒಂದೊಂದು ಬಣ್ಣ. ನನ್ನದು ಹೆಸರುಕಾಳಿನ ಹಸಿರು. ನಮ್ಮ ಯಜಮಾನರದು ಹಣ್ಣಾದ ಬಾರೆಹಣ್ಣಿನ ಕೆಂಪು. ಮಗಳು ಶಶಿಕಲಾಳದು ತಿಳಿ ಅರಿಶಿನ. ತಂದೆತಾಯಿಯ ಬಣ್ಣ ಮಕ್ಕಳಿಗೆ ಬರಬೇಕೆಂದೇನೂ ಇಲ್ಲ.

ಇದರಿಂದ ಯಾರಿಗೂ ತೊಂದರೆಯಾದದ್ದು ಕಡಿಮೆ. ಬಸ್ಸಿನಲ್ಲಿ ಗದ್ದಲವಿದ್ದ ದಿನ ತೋಳಿನ ತುಂಬ ಊರಿನ ಬಣ್ಣವೆಲ್ಲ ಇರುತ್ತದೆ, ಯಾರೂ ಕೇಳುವುದಿಲ್ಲ. ಬಳೆಗಾರನ ಬಣ್ಣ, ಡಾಕ್ಟರ ಬಣ್ಣ ಎಲ್ಲರಿಗೂ ಗೊತ್ತು. ಹೆಂಗಸಿನ ಆರೈಕೆಗೆ ಗಂಡಸನ್ನೋ, ಗಂಡಸಿನ ಆರೈಕೆಗೆ ಹೆಂಗಸನ್ನೋ ಇಟ್ಟುಕೊಂಡರೆ ಮಾತ್ರ ಒಂದು ಪದ್ಧತಿಯಿದೆ. ಕೆಲಸಕ್ಕೆ ಬಂದವರು ದಿನಾ ಬೆಳಿಗ್ಗೆ, ಬಣ್ಣ ಹಿಡಿಯಲೆಂದು ಗಂಜಿ ಹಾಕಿದ ಒಂದು ಬಿಳಿ ಬಟ್ಟೆಯ ಮೇಲೆ ಅಂಗೈ ಒತ್ತಬೇಕು. ಆ ಬಟ್ಟೆಯನ್ನು ತಲೆಬಾಗಿಲಿಗೆ ತೂಗುಹಾಕಬೇಕು. ಓಣಿಯವರು ನೋಡುತ್ತಾರೆ. ಆಮೇಲೆ ರೋಗಿಯ ಮೈಮೇಲೆ ಅದೇ ಬಣ್ಣ ಕಂಡರೆ ಅದು ಕೆಲಸದ ಬಣ್ಣ, ಬೇರೆ ಅರ್ಥವಿಲ್ಲ. ಇದಕ್ಕೆ ಬಾಗಿಲಬಟ್ಟೆ ಎನ್ನುತ್ತೇವೆ.

ನಾನು ದಾಕ್ಷಾಯಣಿ. ಕನ್ನಡ ಶಾಲೆಯಲ್ಲಿ ಅಕ್ಕೋರಾಗಿದ್ದು ನಿವೃತ್ತಳಾದವಳು. ಯಜಮಾನರು ಶಿವಬಸಪ್ಪನವರು ಹಗ್ಗ, ಗೋಣಿಚೀಲ, ಚಾಪೆ ಮಾರುವ ಅಂಗಡಿ ಇಟ್ಟಿದ್ದರು. ಅವರ ಬಲಗೈಗೆ ಕಿರಿಬೆರಳು ಇರಲಿಲ್ಲ. ಸಣ್ಣವರಿದ್ದಾಗ ತಂಗಿ ಚೆನ್ನವ್ವ ಆಟದ ಭರದಲ್ಲಿ ಬಾಗಿಲು ಹಾಕಿದಳು. ಬೆರಳು ಸಂದಿಯಲ್ಲಿ ಸಿಕ್ಕಿತು. ದಿನಾ ಸಂಜೆ ನಾನು ದೀಪ ಹಚ್ಚಿ ಬಂದು ಹೊರಗಿನ ಕಟ್ಟೆಯ ಮೇಲೆ ಕೂತರೆ ಅವರು ಪಕ್ಕದಲ್ಲಿ ಕೂತು ನನ್ನ ಎಡ ಮಣಿಕಟ್ಟು ಹಿಡಿಯುತ್ತಿದ್ದರು. ಮಾತೇನೂ ಇರುತ್ತಿರಲಿಲ್ಲ. ಅಂಗಡಿಯ ಸೆಣಬಿನ ವಾಸನೆ ಬರುತ್ತಿತ್ತು. ಮಾರನೆಯ ದಿನ ನಾನು ಹಲಗೆಯ ಮೇಲೆ ಬರೆಯುವಾಗ ಮಕ್ಕಳು ನನ್ನ ಮಣಿಕಟ್ಟಿನ ಮೇಲಿನ ಕೆಂಪು ನೋಡಿ ನಗುತ್ತಿದ್ದವು. ನನಗೆ ನಾಕ ಬೆರಳಿನ ಅಕ್ಕೋರು ಎಂದು ಹೆಸರಿಟ್ಟಿದ್ದವು. ನಾನು ಕೇಳಿಯೂ ಕೇಳದವಳಂತೆ ಇರುತ್ತಿದ್ದೆ.

ಅವರು ಹೋದದ್ದು ಚೈತ್ರದಲ್ಲಿ. ಊಟ ಮಾಡಿ ಕೈ ತೊಳೆದು ಬಂದು ಮಂಚದ ಮೇಲೆ ಕೂತರು. "ಯಾಕೋ ಎದಿ ಭಾರ ಆತು ನೋಡು," ಎಂದು ನನ್ನ ಮಣಿಕಟ್ಟು ಹಿಡಿದರು. ಹಿಡಿದ ಹಾಗೆಯೇ ಶಿವನ ಪಾದ ಸೇರಿದರು. ಗಂಡ ಹೋದ ಮಾರನೆಯ ಸಂಜೆ ನಮ್ಮಲ್ಲಿ ಬಣ್ಣ ಇಳಿಯುವ ಸಂಜೆ ಮಾಡುತ್ತಾರೆ. ಬಂಧುಗಳು ಸುತ್ತ ಕೂಡುತ್ತಾರೆ, ವಿಧವೆ ಕೈ ಚಾಚಿ ಕೂಡುತ್ತಾಳೆ. ಚೆನ್ನವ್ವ ನನ್ನ ಎದುರಿಗೇ ಕೂತಿದ್ದಳು. ಹೊತ್ತು ಮುಳುಗುತ್ತಿದ್ದಂತೆ ಒಂದೊಂದೇ ಬೆರಳು ಹೋಯಿತು. ಹೆಬ್ಬೆರಳು ಕೊನೆಗೆ ಹೋಯಿತು. ಯಾರೋ ದೀಪ ತಂದಿಟ್ಟರು. ಅದಾದ ಮೇಲೆ ವಿಧವೆಯ ಮೈಮೇಲೆ ಗಂಡಸಿನ ಬಣ್ಣ ಕಂಡರೆ ಯಾರದೆಂದು ಹೇಳಲು ಬರಬೇಕು. ಇಷ್ಟೇ ನಿಯಮ.

ಶ್ರಾವಣದಲ್ಲಿ ನಾನು ಬಚ್ಚಲಲ್ಲಿ ಜಾರಿ ಬಿದ್ದೆ. ತೊಡೆಯ ಎಲುಬು ಮುರಿಯಿತು. ಸರಳು ಹಾಕಿ ಮನೆಗೆ ಕಳಿಸಿದರು. ಡಾಕ್ಟರು ಸ್ಪಷ್ಟವಾಗಿ ಹೇಳಿದರು, ದಿನಾ ಎರಡು ಹೊತ್ತು ಎತ್ತಿ ನಿಲ್ಲಿಸಬೇಕು, ಇಲ್ಲದಿದ್ದರೆ ಕಾಲು ಸೆಟೆದುಕೊಳ್ಳುತ್ತದೆ, ಆಮೇಲೆ ಹಾಸಿಗೆಯೇ ಗತಿ. ಶಶಿಕಲಾ ಎರಡು ಓಣಿ ಆಚೆ ಹೊಲಿಗೆ ಅಂಗಡಿ ಇಟ್ಟವಳು, ಅವಳಿಗೇ ಬೆನ್ನು ಸರಿಯಿಲ್ಲ. ಏಜೆನ್ಸಿಯಿಂದ ರೇಣುಕಾ ಎಂಬ ಹುಡುಗಿಯನ್ನು ಕಳಿಸಿದರು. ಒಳ್ಳೆಯ ಹುಡುಗಿ, ಆದರೆ ಗಾಳಿಗೆ ಹಾರುವಂಥವಳು; ನಾನು ದೊಡ್ಡ ಆಳು. ಎರಡನೆಯ ಸಲ ಎತ್ತುವಾಗ ಇಬ್ಬರೂ ನೆಲದ ಮೇಲೆ ಕೂತೆವು. ಅವಳು ಅತ್ತಳು. ನಾನೇ ಸಮಾಧಾನ ಮಾಡಿ ಕಳಿಸಿದೆ.

"ಗಟ್ಟಿ ಹೆಣ್ಣಮಕ್ಕಳು ಒಬ್ಬರೂ ಖಾಲಿ ಇಲ್ಲಂತ," ಎಂದು ಶಶಿಕಲಾ ಫೋನು ಇಟ್ಟು ಹೇಳಿದಳು. "ಒಬ್ಬಾಂವ ಗಂಡಸ ಅದಾನಂತ. ಭಾಳ ವರ್ಷ ದವಾಖಾನ್ಯಾಗ ಮಂದೀನ್ನ ಎತ್ತಿ ಇಳಿಸಿದಾಂವ. ಏನ್ ಹೇಳ್ಲೆವಾ?"

"ಬ್ಯಾಡಂತ ಹೇಳು," ಎಂದೆ.

ಆದರೆ ನನಗೆ ಇಷ್ಟಲಿಂಗ ಪೂಜೆ ಮಾಡದೆ ಹನಿ ನೀರು ಇಳಿಯುವುದಿಲ್ಲ. ಮಲಗಿಕೊಂಡೇ ಲಿಂಗವನ್ನು ಎದೆಯ ಮೇಲೆ ಇಟ್ಟುಕೊಂಡು ಮಾಡಿದೆ. ಅಂಗೈಯಲ್ಲಿ ಹಿಡಿದು ಕಣ್ಣ ನೇರಕ್ಕೆ ತಂದರೆ ತೋಳು ನಡುಗುತ್ತಿತ್ತು. ನೀರು ಕುತ್ತಿಗೆಗೆ ಹರಿಯಿತು, ಪತ್ರಿ ಹಾಸಿಗೆಗೆ ಬಿತ್ತು. ಸತ್ತವರ ಎದೆಯ ಮೇಲೆ ಏನೋ ಇಟ್ಟ ಹಾಗೆ ಅನಿಸಿತು. ಕೆಲವು ದಿನ ಹೀಗೆ ನಡೆಯಿತು. ಆಮೇಲೆ ಶಶಿಕಲಾಳನ್ನು ಕರೆದು, "ಗಂಡಸಾದ್ರೂ ಆಗಲಿ. ನನ್ನನ್ನ ಕೂಡಸವ್ರು ಬೇಕು. ಬರ ಹೇಳು," ಎಂದೆ.

ಬಂದವನ ಹೆಸರು ಯಮನೂರಪ್ಪ. ಕೆರೆಯಾಚೆಯ ಓಣಿಯವನು, ಐವತ್ತರ ಹತ್ತಿರದವನು. ಬಾಗಿಲು ತುಂಬುವಂಥ ಆಳು. ನಾನಿದ್ದ ಕೋಣೆಯ ಹೊಸ್ತಿಲಿನವರೆಗೆ ಬಂದವನು ಅಲ್ಲೇ ನಿಂತ.

"ಅಲ್ಲೊಂದು ಹಲ್ಲಿ ಐತ್ರಿ," ಎಂದ.

"ಅದು ದಿನಾ ಇರ್ತದ," ಎಂದಳು ಶಶಿಕಲಾ.

"ಇರ್ಲಿ ಬಿಡ್ರಿ ತಂಗಿ. ಆದ್ರ ನಾ ಒಳಗ ಬರೂದ್ರಾಗ ಅದು ಹೊರಗ ಹೋಗ್ಬೇಕು. ಹಾವು ಬಂದ್ರೂ ಹೊಡೀತೀನಿ, ಹಲ್ಲಿ ಆಗೂದಿಲ್ಲ ನನಗ."

ಶಶಿಕಲಾ ಪೊರಕೆ ಹಿಡಿದು ಹಲ್ಲಿಯನ್ನು ಅಟ್ಟಿದಳು. ಆಮೇಲೆ ಅವನನ್ನು ಹೊರಗೆ ಕರೆದುಕೊಂಡು ಹೋಗಿ ಬಾಗಿಲಬಟ್ಟೆಯ ಮೇಲೆ ಅಂಗೈ ಒತ್ತಿಸಿದಳು. ಬಣ್ಣ ಬರಲಿ ಎಂದು ಕಾದಳು. ಬಟ್ಟೆಯನ್ನು ಬಾಗಿಲಿಗೆ ಕಟ್ಟುವ ಬದಲು ಕೈಯಲ್ಲಿ ಹಿಡಿದುಕೊಂಡು ಒಳಗೆ ಬಂದಳು. ನನ್ನ ಹೊದಿಕೆಯ ಮೇಲೆ ಹರಡಿದಳು.

ಬಾರೆಹಣ್ಣಿನ ಕೆಂಪು. ಅಂಚಿನಲ್ಲಿ ಸ್ವಲ್ಪ ಕಂದು, ನಡುವೆ ಹೊಳಪು. ಒಂದೇ ಬಣ್ಣ ಇಬ್ಬರಿಗೆ ಇರುವುದನ್ನು ನಾನು ಕಥೆಯಲ್ಲಿ ಕೇಳಿದ್ದೆ, ನೋಡಿದ್ದಿಲ್ಲ.

"ತಂಗೀ," ಎಂದು ಹೊರಗಿನಿಂದ ಯಮನೂರಪ್ಪ ಕೂಗಿದ. "ಹಲ್ಲಿ ಮತ್ತ ಬಂತೇನ್ರಿ? ಒಳಗ ಬರ್ಲ್ಯೋ ಬ್ಯಾಡೋ?"

"ಅವ್ವಾ, ಏನ ಮಾಡೂದು? ಮಂದಿ ಏನಂತಾರು?" ಎಂದು ಶಶಿಕಲಾ ಪಿಸುಗುಟ್ಟಿದಳು.

"ಅಂವ ಏನ ಅಂಗಡ್ಯಾಗ ಬಣ್ಣ ಆರಿಸಿಕೊಂಡು ಬಂದಾನ? ಬಟ್ಟಿ ಕಟ್ಟು ಹೋಗು," ಎಂದೆ. ದನಿ ಗಟ್ಟಿಯಾಗಿಯೇ ಬಂತು. ಅವಳು ಬಟ್ಟೆ ಎತ್ತಿಕೊಂಡು ಹೋದ ಮೇಲೂ ಹೊದಿಕೆಯ ಮೇಲೆ ಅದು ಹರಡಿದ್ದ ಜಾಗವನ್ನು ಸವರುತ್ತಿದ್ದೆ.

ಸ್ನಾನ, ಉಡುಗೆ ಶಶಿಕಲಾ ಬೆಳಿಗ್ಗೆ ಬಂದು ಮಾಡುತ್ತಿದ್ದಳು. ಎತ್ತುವುದು, ಕೂಡಿಸುವುದು, ನಿಲ್ಲಿಸುವುದು, ಹೊರಳಿಸುವುದು ಅವನ ಕೆಲಸ. ಪ್ರತಿಯೊಂದನ್ನೂ ಮೊದಲೇ ಹೇಳುವನು. "ಈಗ ಬೆನ್ನ ಹಿಂದ ಕೈ ಹಾಕ್ತೀನ್ರಿ ಅಕ್ಕೋರ. ಈಗ ಮಣಿಕಟ್ಟ ಹಿಡೀತೀನ್ರಿ. ಉಸರ ತಗೋರಿ, ಹಾಂ." ಎತ್ತುವಾಗ ಮುಖ ಗೋಡೆಯ ಕಡೆ ತಿರುಗಿಸುವನು, ಅದು ಮರ್ಯಾದೆಗೋ ಹಲ್ಲಿ ನೋಡುವುದಕ್ಕೋ ನನಗೆ ತಿಳಿಯಲಿಲ್ಲ. ಬಾಯಿ ಮಾತ್ರ ಬಿಡುವು ಕೊಡುತ್ತಿರಲಿಲ್ಲ. ಟಿವಿಯ ಧಾರಾವಾಹಿಯಲ್ಲಿ ಸೊಸೆಗೆ ವಿಷ ಹಾಕಿದ ಅತ್ತೆಯ ಮೇಲೆ ಅವನಿಗೆ ಬಹಳ ಸಿಟ್ಟು. ಮನೆಯಲ್ಲಿದ್ದದ್ದನ್ನೆಲ್ಲ ತಿನ್ನುವನು. ನಾನು ಶಶಿಕಲಾಳಿಗೆಂದು ಇಟ್ಟ ಶೇಂಗಾ ಉಂಡಿ ಡಬ್ಬಿ ಬರಿದಾಗಿತ್ತು. ಕೇಳಿದರೆ, "ಅಕ್ಕೋರ, ನಿಮ್ಮನ್ನ ಎತ್ತಬೇಕಲ್ರಿ," ಎಂದ.

ಒಂದು ದಿನ ಶಶಿಕಲಾ ಬರುವುದು ತಡವಾಯಿತು. ನನಗೆ ತಡೆದುಕೊಳ್ಳಲಾಗಲಿಲ್ಲ, ಹಾಸಿಗೆ ಕೆಟ್ಟಿತು. ಈ ವಯಸ್ಸಿಗೆ ಪರಪುರುಷನ ಮುಂದೆ ಹೀಗೆ ಮಲಗುವುದಕ್ಕಿಂತ ಶಿವ ನನ್ನನ್ನೂ ಕರೆದುಕೊಳ್ಳಬಾರದೇ ಎಂದು ಕಣ್ಣು ಮುಚ್ಚಿಕೊಂಡೆ. ಯಮನೂರಪ್ಪ ಮಾತಾಡುತ್ತಲೇ ಇದ್ದ. ನಿನ್ನೆ ಆ ಅತ್ತೆ ಪೊಲೀಸರ ಮುಂದೆ ಹೇಗೆ ಅತ್ತಳು, ಸೊಸೆಯ ಅಣ್ಣ ಹೇಗೆ ಕಿಟಕಿ ಹಾರಿ ಬಂದ, ಅಂಥ ಕಿಟಕಿಯಿಂದ ಅಂಥ ಹೊಟ್ಟೆಯವನು ಹೇಗೆ ಹಾರಿಯಾನು ಎಂದು. ಅವನ ಮಾತು ಮುಗಿಯುವಾಗ ನನ್ನ ಕೆಳಗೆ ಒಣಗಿದ ಚಾದರವಿತ್ತು, ಮೈಮೇಲೆ ಒಗೆದ ಸೀರೆಯಿತ್ತು. ಅವನು ಆ ದಿನದ ಬಗ್ಗೆ ಆಮೇಲೆ ಒಂದು ಮಾತನ್ನೂ ಆಡಲಿಲ್ಲ. ಉಂಡಿಯ ಡಬ್ಬಿ ತುಂಬಿಸಿಡಲು ನಾನು ಮಗಳಿಗೆ ಹೇಳಿದೆ.

ಕೂತು ಪೂಜೆ ಮಾಡತೊಡಗಿದೆ. ಲಿಂಗ ಅಂಗೈಯಲ್ಲಿ ಕೂಡತೊಡಗಿ ಅರವತ್ತು ವರ್ಷದ ಮೇಲಾಯಿತು, ಅದು ಒಂದು ದಿನವೂ ನನ್ನ ಅಂಗೈ ಮೇಲೆ ಬಣ್ಣ ಬಿಟ್ಟಿಲ್ಲ. ಶಿವನಿಗೆ ಬಣ್ಣವಿಲ್ಲ, ಅದಕ್ಕೇ ಅವನು ಹೋಗುವುದೂ ಇಲ್ಲ ಎಂದು ನಮ್ಮ ತಂದೆ ಹೇಳುತ್ತಿದ್ದರು. ಅದರಲ್ಲಿ ನನಗೆ ನಂಬಿಕೆಯಿದೆ. ಆದರೂ ಸಂಜೆ ಶಶಿಕಲಾ ದೀಪ ಹಚ್ಚಿಟ್ಟು ಹೋದ ಮೇಲೆ ನಾನು ಮಣಿಕಟ್ಟು ನೋಡುತ್ತಿದ್ದೆ. ಅಲ್ಲಿ ಆ ಕೆಂಪು ಇರುತ್ತಿತ್ತು. ಮೊಣಕೈ ಕಡೆಗಿನ ಕೊನೆಯ ಬೆರಳಿನ ಗುರುತನ್ನು ಸೆರಗಿನಿಂದ ಮುಚ್ಚಿಕೊಳ್ಳುತ್ತಿದ್ದೆ. ಆಗ ಕಾಣುವುದು ಹೆಬ್ಬೆರಳು, ಮೂರು ಬೆರಳು. ಹಾಗೆ ಮುಚ್ಚಿಕೊಂಡು ಕೂತರೆ ಸೆಣಬಿನ ವಾಸನೆಯೂ ಬಂದಂತಾಗುತ್ತಿತ್ತು. ಅಂಥ ದಿನ ಒಳ್ಳೆಯ ನಿದ್ದೆ ಬರುತ್ತಿತ್ತು.

ಬಾಗಿಲಬಟ್ಟೆಯನ್ನು ಓಣಿ ನೋಡುತ್ತಿತ್ತು. ಮೊದಲು ಅಯ್ಯೋ ಎಂದಿತು, ಶಿವನ ಲೀಲೆ ಎಂದಿತು. ಆಮೇಲೆ ಬೇರೆ ಮಾತು ಹುಟ್ಟಿತು. ಒಂದು ಬೆಳಿಗ್ಗೆ ಶಶಿಕಲಾ ಬಂದವಳು ನೀರಿನ ಬಿಂದಿಗೆಯನ್ನು ಕುಕ್ಕಿದಳು.

"ಅವ್ವಾ, ಅಂವನ್ನ ಬಿಡಿಸಿಬಿಡೂಣು."

"ಯಾಕ?"

"ನಮ್ಮ ಓಣಿ ಕಲ್ಲವ್ವ ನಳದ ಕಡೆ ಏನಂದಳು ಗೊತ್ತೈತೇನ? ಈ ಮನಶ್ಯಾ ಇಪ್ಪತ್ತು ವರ್ಷದಿಂದ ಇದೇ ಊರಾಗ ಅದಾನಂತ. ಹಂಗಾರ ಅಕ್ಕೋರ ಕೈಮ್ಯಾಲ ಇಷ್ಟು ವರ್ಷ ಇದ್ದ ಬಣ್ಣ ಯಾರದೋ ಯಾರು ಕಂಡಾರ, ಅಂದಳು. ನನ್ನ ಮಾರಿ ನೋಡಿ ನಕ್ಕಳು. ನಾ ಬಿಂದಗಿ ತುಂಬಿಸದ ಬಂದೀನಿ."

ಬಿಂದಿಗೆ ಅರ್ಧವೇ ಇತ್ತು. ನಾನು ಅದನ್ನೇ ನೋಡಿದೆ. ದುಃಖಕ್ಕಿಂತ ಮೊದಲು ನನಗೆ ಬಂದದ್ದು ಭಯ. ಸತ್ತವರು ಬಂದು ಸಾಕ್ಷಿ ಹೇಳುವುದಿಲ್ಲ. ಅವರು ಸಂಜೆ ಸಂಜೆ ಹಿಡಿದ ಕೈಯೆಲ್ಲ ಈಗ ಯಾರದೋ ಕೈಯಾಗುತ್ತಿತ್ತು. ವರ್ಷದ ಲೆಕ್ಕವನ್ನೂ ಹಿಡಿಯದೆ ಮಗಳಿಗೆ ತಂದೆ ಯಾರೆಂದು ನಳದ ಕಟ್ಟೆ ತೀರ್ಮಾನ ಮಾಡುತ್ತಿತ್ತು. ಯಮನೂರಪ್ಪನನ್ನು ಕಳಿಸಿದರೆ ನನಗೆ ಹಾಸಿಗೆ, ಎದೆಯ ಮೇಲಿನ ಲಿಂಗ. ಜನ, ಸಿಕ್ಕಿಬಿದ್ದದ್ದಕ್ಕೆ ಓಡಿಸಿದರು ಎನ್ನುತ್ತಾರೆ. ಇಟ್ಟುಕೊಂಡರೆ, ನಾಚಿಕೆಯಿಲ್ಲ ಎನ್ನುತ್ತಾರೆ.

"ಸಂಜೀತನ ತಡಿ," ಎಂದೆ.

ಸಂಜೆಯವರೆಗೆ ತಡೆಯುವ ಅವಕಾಶ ಬರಲಿಲ್ಲ. ಮಧ್ಯಾಹ್ನವೇ ಚೆನ್ನವ್ವ ಬಂದಳು. ಹಿಂದೆ ಆ ಕಲ್ಲವ್ವನೂ ಬಂದಳು, ನೋಡಲು ಬಂದವಳ ಮುಖ ಮಾಡಿಕೊಂಡು. ನಾನು ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದೆ. ಯಮನೂರಪ್ಪ ಆಗಷ್ಟೇ ನನ್ನನ್ನು ನಿಲ್ಲಿಸಿ ಕೂಡಿಸಿ ಅಡುಗೆಮನೆಗೆ ನೀರು ಕುಡಿಯಲು ಹೋಗಿದ್ದ.

"ವೈನಿ, ನಾ ನಿಂದರಾಕ ಬಂದಿಲ್ಲ," ಎಂದಳು ಚೆನ್ನವ್ವ. "ಅಂವನ್ನ ಇವತ್ತ ಕಳಸು. ನಮ್ಮಣ್ಣ ಹೋಗಿ ವರ್ಷ ತುಂಬಿಲ್ಲ. ಅವನ ಬಣ್ಣ ಬಾಗಲದಾಗ ದಿನಾ ತೂಗಿ ಬೀಳ್ತೈತಿ. ಈ ಓಣ್ಯಾಗ ಬರಬೇಕಾದ್ರ ನನಗ ಕಾಲ ಬರೂದಿಲ್ಲ. ಬಣ್ಣ ಇಳಿದ ಸಂಜಿ ನಾನ ಕುಂತಿದ್ದೆ ನಿನ್ನ ಮುಂದ. ಮತ್ತ ಹ್ಯಾಂಗ ಏರಸ್ಕೊಂಡಿ ಅದನ್ನ?"

"ನನ್ನನ್ನ ಎತ್ತವ್ರು ಬೇಕಲ್ಲ ಚೆನ್ನವ್ವಾ."

"ಎತ್ತಾಕ ಆ ಬಣ್ಣದಾಂವನ ಬೇಕೇನು?"

"ಏ, ಬಿಡ ಚೆನ್ನಕ್ಕಾ," ಎಂದಳು ಕಲ್ಲವ್ವ. "ರೂಢಿ ಆದ ಬಣ್ಣ ಇರ್ತದ."

ಶಶಿಕಲಾ ಇದ್ದಿದ್ದರೆ ಬಿಂದಿಗೆ ಎತ್ತಿ ಒಗೆಯುತ್ತಿದ್ದಳು. ನಾನು ಉತ್ತರ ಕೊಡಲು ಕೈ ಮುಂದೆ ಮಾಡಿದೆ. ಆಗ ಚೆನ್ನವ್ವ ನನ್ನ ಮಣಿಕಟ್ಟು ನೋಡಿದಳು. ಸೆರಗು ಎಂದಿನ ಹಾಗೆ ಅರ್ಧಕ್ಕೆ ಬಂದಿತ್ತು. ಅಭ್ಯಾಸವಾಗಿಬಿಟ್ಟಿತ್ತು, ಹಗಲಿನಲ್ಲೂ ಹಾಗೇ ಇರುತ್ತಿತ್ತು. ಹೊರಗೆ ಕಾಣುತ್ತಿದ್ದದ್ದು ಹೆಬ್ಬೆರಳು, ಮೂರು ಬೆರಳು.

ಚೆನ್ನವ್ವ ಮಂಚದ ಬಳಿ ಕುಸಿದು ಕೂತಳು. ನನ್ನ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಜಗಳವೆಲ್ಲ ಅವಳ ಮುಖದಿಂದ ಹೋಗಿತ್ತು.

"ಬೆರಳ ಸುದ್ದಾ ಅವ ಅದಾವಲ್ಲ," ಎಂದಳು. "ಅಣ್ಣನ ಕೈ. ವೈನಿ, ಅಣ್ಣ ಬಂದಾನೇನ? ಈ ಮನಶ್ಯಾನ ಕೈಯಾಗ ಬಂದಾನೇನ? ನನಗ ಕ್ಷಮಾ ಮಾಡಾಕ ಬಂದಾನೇನ ಆಂವ?" ಎಂದು ಹಣೆಯನ್ನು ನನ್ನ ಮಣಿಕಟ್ಟಿಗೆ ಒತ್ತಿದಳು.

ಕಲ್ಲವ್ವ ಕುತ್ತಿಗೆ ಚಾಚಿ ನೋಡಿದಳು. ಅವಳ ಕಣ್ಣಿನಲ್ಲಿ ಮುಂದಿನ ವಾರದ ನಳದ ಮಾತೆಲ್ಲ ತಯಾರಾಗುತ್ತಿತ್ತು. ಬಣ್ಣ ಮಾತ್ರವಲ್ಲ, ಬೆರಳೂ ನಾಲ್ಕು. ಹಾಗಾದರೆ ಮೊದಲಿನಿಂದಲೂ ಇವನೇ.

ಚೆನ್ನವ್ವನನ್ನು ಹಾಗೆಯೇ ಬಿಡಬಹುದಿತ್ತು. ಅಣ್ಣ ಬಂದಿದ್ದಾನೆ ಎಂದು ನಂಬಿದರೆ ಅವಳು ಯಮನೂರಪ್ಪನನ್ನು ಕಳಿಸು ಎನ್ನುತ್ತಿರಲಿಲ್ಲ, ಬದಲಿಗೆ ಅವನ ಕೈಗೆ ವಿಭೂತಿ ಹಚ್ಚುತ್ತಿದ್ದಳು. ನನಗೂ ಸಂಜೆಗಳು ಉಳಿಯುತ್ತಿದ್ದವು. ಆದರೆ ನಮ್ಮವರು ಇನ್ನೊಬ್ಬನ ಕೈಯಲ್ಲಿ ಸೇರಿಕೊಂಡು ಬರುವಂಥವರಲ್ಲ. ಅವರು ಹೋಗಿದ್ದಾರೆ. ಹೋದದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

"ಚೆನ್ನವ್ವಾ, ಮ್ಯಾಲೆ ನೋಡು," ಎಂದು ಬಲಗೈಯಿಂದ ಸೆರಗನ್ನು ಮೊಣಕೈವರೆಗೆ ಸರಿಸಿದೆ.

ಕಿರಿಬೆರಳಿನ ಗುರುತು ಅಲ್ಲಿತ್ತು. ಉಳಿದ ಬೆರಳಿಗಿಂತ ಗಾಢವಾಗಿತ್ತು; ಎತ್ತುವಾಗ ಭಾರವೆಲ್ಲ ಅದರ ಮೇಲೆ ಬೀಳುತ್ತದೋ ಏನೋ. ಚೆನ್ನವ್ವ ಅದನ್ನು ನೋಡುತ್ತಲೇ ಇದ್ದಳು. ಮುಟ್ಟಿ ನೋಡಿದಳು.

"ಇದು ನಿಮ್ಮಣ್ಣನ ಕೈ ಅಲ್ಲ," ಎಂದೆ. "ನಿಮ್ಮಣ್ಣಗ ಈ ಬೆರಳ ಇತ್ತೇನು? ನೀನ ಹೇಳು. ನಿನಗಿಂತ ಯಾರಿಗೆ ಗೊತ್ತೈತಿ?"

"ಇರಲಿಲ್ಲ," ಎಂದಳು. "ಬಾಗಲಾ ಹಾಕಿದಾಕಿ ನಾನ." ಆಮೇಲೆ ಜೋರಾಗಿ ಅತ್ತಳು. ಮಣ್ಣು ಮಾಡಿದ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ನನಗೂ ಅಳು ಬಂತು. ನನ್ನ ಬಾಯಿಂದಲೇ ಹೇಳಿದ್ದೆ, ಇದು ಅವರ ಕೈ ಅಲ್ಲವೆಂದು. ಇನ್ನು ಸೆರಗು ಮುಚ್ಚಿಕೊಂಡು ಕೂತರೂ ಪ್ರಯೋಜನವಿರಲಿಲ್ಲ.

"ಕಲ್ಲವ್ವಾ," ಎಂದೆ ಮೂಗು ಒರೆಸಿಕೊಂಡು, "ನಿನ್ನ ಮಗಾ ನನ್ನ ಸಾಲ್ಯಾಗ ಕಲಿತಾನ. ಮಕ್ಕಳು ನನಗ ಏನಂತ ಕರೀತಿದ್ದರು, ಮನಿಗೆ ಹೋಗಿ ಕೇಳು."

"ನಾಕ ಬೆರಳಿನ ಅಕ್ಕೋರು," ಎಂದಳು ಕಲ್ಲವ್ವ ತಟ್ಟನೆ. ಹೇಳಿದ ಮೇಲೆ ಅವಳಿಗೇ ಅರ್ಥವಾಯಿತು. ಬಾಗಿಲಿಗೆ ಹೋಗಿ ಬಟ್ಟೆಯನ್ನು ಎಳೆದು ನೋಡಿದಳು. ಅಲ್ಲಿಂದಲೇ ಕೂಗಿದಳು: "ಅಯ್ಯ ಶಿವನ! ಇಷ್ಟು ದಿನಾ ಐದು ಬೆರಳ ಜೋತಾಡ್ತಿದ್ದುವು ಇಲ್ಲೆ. ಓಣ್ಯಾಗ ಒಬ್ಬರಾರ ಎಣಿಸಬಾರದ!"

ನಮ್ಮೂರಿನವರು ಬಣ್ಣ ನೋಡುತ್ತಾರೆ. ಹುಟ್ಟಿದಾಗಿನಿಂದ ಬಣ್ಣ ನೋಡಿಯೇ ಅಭ್ಯಾಸ. ಬೆರಳು ಎಣಿಸಿದ್ದು ಶಾಲೆಯ ಮಕ್ಕಳು ಮಾತ್ರ.

ಕಲ್ಲವ್ವ ಬೇಗ ಹೊರಟಳು. ಹೊಸ ಸುದ್ದಿ ಹಳತಾಗುವ ಮೊದಲು ನಳದ ಕಡೆ ಮುಟ್ಟಿಸಬೇಕಿತ್ತು. ಯಮನೂರಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ, ಬಾಯಲ್ಲಿ ಉಂಡಿ. ಅಗಿಯಲೂ ಬಾರದೆ ನುಂಗಲೂ ಬಾರದೆ ನಿಂತಿದ್ದ. ಚೆನ್ನವ್ವ ಸೆರಗಿನಿಂದ ಮುಖ ಒರೆಸಿಕೊಂಡು ಅವನನ್ನು ಮೇಲಿನಿಂದ ಕೆಳಗೆ ನೋಡಿದಳು.

"ನಮ್ಮ ವೈನೀನ್ನ ನೆಟ್ಟಗ ಎತ್ತು," ಎಂದಳು. "ಹಲ್ಲಿ ಕಂಡ್ರ ಕೈ ಬಿಡ್ತೀಯಂತಲ್ಲ?"

"ಕೈ ಬಿಡೂದಿಲ್ರಿ ಯವ್ವಾ," ಎಂದ ಯಮನೂರಪ್ಪ. "ಅಕ್ಕೋರನ್ನ ಹಿಡಕೊಂಡ ಓಡತೀನಿ."

ಚೆನ್ನವ್ವ ಅಳುತ್ತಲೇ ನಕ್ಕಳು. ಹೋಗುವಾಗ ನನ್ನ ಕೈಮೇಲೆ ಅವಳ ಬಣ್ಣವೂ ಎದ್ದಿತ್ತು, ಬೂದಿಗೆ ತಿರುಗಿದ ನೀಲಿ. ಅಷ್ಟು ವರ್ಷ ನಾದಿನಿಯಾಗಿದ್ದರೂ ಅವಳ ಬಣ್ಣ ನನ್ನ ಮೈಮೇಲೆ ಇಷ್ಟು ದಟ್ಟವಾಗಿ ಬಿದ್ದದ್ದು ಅದೇ ಮೊದಲು.

ಮಾರನೆಯ ದಿನ ಬೆಳಿಗ್ಗೆ ಯಮನೂರಪ್ಪ ಬಾಗಿಲಬಟ್ಟೆಗೆ ಕೈ ಒತ್ತಿ ಬಂದ. ಆ ದಿನ ಧಾರಾವಾಹಿಯ ಮಾತು ತೆಗೆಯಲಿಲ್ಲ. ಬೆನ್ನ ಹಿಂದೆ ಒಂದು ಕೈ ಕೊಟ್ಟು ಕೂಡಿಸಿದ. ಮಣಿಕಟ್ಟು ಹಿಡಿಯಬೇಕಾದಲ್ಲಿಗೆ ಬಂದು ನಿಂತ. ಗೋಡೆಯ ಕಡೆ ಮುಖ ಮಾಡಿಕೊಂಡು ಮೆಲ್ಲಗೆ ಕೇಳಿದ:

"ಅಕ್ಕೋರ, ನಿನ್ನೆ ನಾ ಎಲ್ಲಾ ಕೇಳಿಸ್ಕೊಂಡೆ. ಬೇಕಾದ್ರ ಹಿಡಿಯೂ ಮುಂದ ಕಿರಿಬೆರಳ ಮಡಚ್ತೀನ್ರಿ. ನನಗೇನ ಕಷ್ಟಿಲ್ಲ. ಯಾರಿಗೂ ಹೇಳೂದಿಲ್ಲ."

ನಾನು ಅವನ ಕೈ ನೋಡಿದೆ. ದೊಡ್ಡ ಕೈ, ಉಗುರು ಒರಟು, ಕಿರಿಬೆರಳಿನಲ್ಲಿ ತಾಮ್ರದ ಉಂಗುರ. ಅದನ್ನು ಅವನು ಆಗಲೇ ಅಂಗೈಯೊಳಗೆ ಮಡಚಿಕೊಂಡಿದ್ದ. ಉಳಿದ ಬೆರಳು ನಮ್ಮವರು ಚಾಚುತ್ತಿದ್ದ ಹಾಗೆಯೇ ಚಾಚಿಕೊಂಡಿದ್ದವು. ಕಟ್ಟೆ, ಸಂಜೆ, ದೀಪ, ಎಲ್ಲವೂ ಒಂದು ಬೆರಳಿನಷ್ಟೇ ದೂರದಲ್ಲಿ ಇದ್ದವು. ಹೂಂ ಎಂದರೆ ಸಾಕಾಗಿತ್ತು.

ಲಿಂಗದ ಕರಡಿಗೆಯನ್ನು ಎದೆಯ ಮೇಲೆ ಸರಿಮಾಡಿಕೊಂಡೆ.

"ಬ್ಯಾಡ," ಎಂದೆ. "ಐದೂ ಬೆರಳ ಹಚ್ಚಿ ಹಿಡಿ. ನಾಕ ಬೆರಳಿಗೆ ನಾ ಜಗ್ಗೂದಿಲ್ಲ. ಕೈ ಜಾರಿದ್ರ ಇನ್ನೊಂದ ತೊಡಿನೂ ಮುರೀತದ."

ಅವನು ಬೆರಳು ಬಿಡಿಸಿ ಹಿಡಿದ. ನಾನು ಉಸಿರು ತೆಗೆದುಕೊಂಡು ಎದ್ದು ನಿಂತೆ.